ಬರುವವರ ಆಸೆ, ಇರುವವರ ಹಕ್ಕು

2020ರವರೆಗೆ ಬೆಂಗಳೂರಿನ ಸಂಬಳದಾರರೊಬ್ಬರು ಚನ್ನರಾಯಪಟ್ಟಣದ ಕಡೆ ಎರಡೆಕರೆ ತೆಂಗಿನ ತೋಟ ಕೊಳ್ಳಲು ಹೊರಟರೆ ಭೂಸುಧಾರಣಾ ಕಾಯ್ದೆ ಅಡ್ಡ ನಿಲ್ಲುತ್ತಿತ್ತು. ಬೇಸಾಯದ ಹೊರಗಿನ ಆದಾಯ ಇಂತಿಷ್ಟು ದಾಟಿದವರು ಹೊಲ ಕೊಳ್ಳುವಂತಿಲ್ಲ ಎಂದು ಅದರ 79ಎ ಕಲಂ ಹೇಳುತ್ತಿತ್ತು. 2015ರಲ್ಲಿ ಆ ಮಿತಿ 25 ಲಕ್ಷ ರೂಪಾಯಿಗೆ ಏರಿತು, ಆದರೂ ಬೇಲಿ ಬೇಲಿಯೇ ಆಗಿತ್ತು. 2020ರ ತಿದ್ದುಪಡಿ 79ಎ, 79ಬಿ, 79ಸಿ ಮೂರನ್ನೂ ಕಿತ್ತುಹಾಕಿತು. ಅಷ್ಟು ಹೊತ್ತಿಗೆ ಕುಣಿಗಲ್ ಮಾರ್ಗವಾಗಿ ಹಾಸನಕ್ಕೆ ರೈಲು ಓಡಾಡುತ್ತಿತ್ತು, ಹೆದ್ದಾರಿ ಅಗಲವಾಗಿತ್ತು. ಕೊರೊನಾ ಬಂದು, ಮನೆಯಲ್ಲೇ ಕೂತು ಕಂಪನಿ ಕೆಲಸ ಮಾಡಬಹುದೆಂದು ಎಲ್ಲರಿಗೂ ಗೊತ್ತಾಗಿತ್ತು. ನಿವೃತ್ತಿ ಹತ್ತಿರ ಬಂದವರ ಮನೆಗಳಲ್ಲಿ ಮಾತ್ರ ಕೇಳುತ್ತಿದ್ದ ‘ಎಲ್ಲಾದರೂ ಸಣ್ಣ ಊರಿಗೆ ಹೋಗಿ ಇದ್ದುಬಿಡೋಣ’ ಎಂಬ ಮಾತು ಮೂವತ್ತು ದಾಟದವರ ಬಾಯಲ್ಲೂ ಬರತೊಡಗಿತು.

ಹೀಗೆ ಹೊರಡುವವರು ಆರಿಸಿಕೊಳ್ಳುವ ಊರುಗಳನ್ನು ಗಮನಿಸಿ. ನೋಡಲು ಬಂದು ಇಷ್ಟವಾದ ಊರಿಗೇ ಅವರು ಇರಲು ಬರುತ್ತಾರೆ. ಶ್ರವಣಬೆಳಗೊಳದ ಬೆಟ್ಟ ಹತ್ತಿ ಇಳಿದವರಿಗೆ ಅದರ ಸುತ್ತಲಿನ ತೋಟ ಬೇಕು. ಹೇಮಾವತಿ ಹಿನ್ನೀರಿನ ಅಂಚಿನಲ್ಲಿ ಒಂದು ಸಂಜೆ ಕಳೆದವರಿಗೆ ಅಲ್ಲೇ ನಾಲ್ಕು ಗುಂಟೆ ಬೇಕು. ಬರುವ ಮುಂಚೆ ಅವರು ಕೇಳುವ ಪ್ರಶ್ನೆಗಳೆಲ್ಲ ತಮ್ಮ ಬಗ್ಗೆಯೇ: ಇಂಟರ್ನೆಟ್ ಸಿಗುತ್ತದೆಯೇ, ಒಳ್ಳೆಯ ಆಸ್ಪತ್ರೆ ಎಷ್ಟು ದೂರ, ಜನ ಹೇಗೆ? ತಾವು ಬಂದರೆ ಊರಿಗೆ ಏನಾಗುತ್ತದೆ ಎಂದು ಕೇಳುವವರು ಕಡಿಮೆ. ಪ್ರವಾಸಿ ಊರಿಗೆ ಹೊಸದಾಗಿ ಬರುವವರ ಹಕ್ಕಿಗಿಂತ ಅಲ್ಲಿ ಈಗಾಗಲೇ ಇರುವವರು ಉಳಿಯುವ ಹಕ್ಕು ಮೊದಲು ಎಂಬುದು ನನ್ನ ನಿಲುವು. ಹಾಗೆಂದು ಬರುವವರನ್ನು ತಡೆಯಬೇಕೆಂದು ನಾನು ಹೇಳುವುದಿಲ್ಲ. ಪೂರ್ತಿಯಾಗಿ ಬಂದು ನೆಲೆಸುವವರಿಂದ ಊರಿಗೆ ಲಾಭವೇ ಹೆಚ್ಚು, ಅರ್ಧ ಬರುವವರಿಂದಲೇ ಕೇಡು.

ಶ್ರವಣಬೆಳಗೊಳದಲ್ಲಿ ವಾಸ ಮಾಡುವುದೆಂದರೆ ಏನು? ದೊಡ್ಡಬೆಟ್ಟ, ಚಿಕ್ಕಬೆಟ್ಟ, ನಡುವೆ ಕಲ್ಯಾಣಿ, ಕಲ್ಯಾಣಿಯ ಸುತ್ತ ಊರು. 981ರ ಸುಮಾರಿಗೆ ಚಾವುಂಡರಾಯ ನಿಲ್ಲಿಸಿದ 58 ಅಡಿಯ ಗೊಮ್ಮಟನನ್ನು ನೋಡಲು ದೇಶದ ಮೂಲೆಮೂಲೆಯಿಂದ ಜನ ಬರುತ್ತಾರೆ. ಬೆಳಿಗ್ಗೆ ಬಂದವರು ಬರಿಗಾಲಲ್ಲಿ ಆರುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿ, ಇಳಿದು, ಎಳನೀರು ಕುಡಿದು, ಊಟ ಮಾಡಿ, ಮಧ್ಯಾಹ್ನದ ಹೊತ್ತಿಗೆ ಹಳೇಬೀಡಿನ ಕಡೆಗೋ ಮೈಸೂರಿನ ಕಡೆಗೋ ಹೊರಟುಬಿಡುತ್ತಾರೆ. ಊರಿನ ಅಂಗಡಿಸಾಲು ಈ ನಾಲ್ಕು ಗಂಟೆಯ ಅತಿಥಿಗಾಗಿಯೇ ರೂಪುಗೊಂಡಿದೆ. ಕಾದ ಬಂಡೆಯ ಮೇಲೆ ನಡೆಯಲು ಕಾಲುಚೀಲ, ವಯಸ್ಸಾದವರಿಗೆ ಡೋಲಿ, ಮಾರ್ಬಲ್ ಪುಡಿಯ ಗೊಮ್ಮಟ, ಹಿಂದಿಯಲ್ಲಿ ಬರೆದ ಊಟದ ಬೋರ್ಡು ಎಲ್ಲ ಕೈಗೆ ಸಿಗುತ್ತವೆ. ಆದರೆ ಮಂಗಳವಾರ ರಾತ್ರಿ ಎದೆ ನೋವು ಬಂದವರಿಗೆ ಈ ಸಾಲು ಏನನ್ನೂ ಕೊಡಲಾರದು. ತಾಲ್ಲೂಕು ಕಚೇರಿ ಚನ್ನರಾಯಪಟ್ಟಣದಲ್ಲಿ, ಸುಮಾರು ಹನ್ನೆರಡು ಕಿಲೋಮೀಟರ್ ದೂರ. ಮೆಡಿಕಲ್ ಕಾಲೇಜಿನ ಆಸ್ಪತ್ರೆ ಹಾಸನದಲ್ಲಿ, ಸುಮಾರು ಐವತ್ತು ಕಿಲೋಮೀಟರ್. ಹೊಸಬರು ಬಂದ ಮೊದಲ ಮಳೆಗಾಲದಲ್ಲೇ ಇದು ಅರ್ಥವಾಗುತ್ತದೆ. ಪ್ರವಾಸಿಯಾಗಿ ಬಂದಾಗ ಊರು ತುಂಬಿ ಕಂಡಿತ್ತು, ನಿವಾಸಿಯಾದ ಮೇಲೆ ಅರ್ಧ ಖಾಲಿ ಎನಿಸುತ್ತದೆ.

ಇಂಥ ಊರಿನ ಕಾಲಮಾನವೇ ಬೇರೆ. ನವೆಂಬರಿನಿಂದ ಜನವರಿಯವರೆಗೆ ಶಾಲಾ ಪ್ರವಾಸದ ಬಸ್ಸುಗಳು ಬೀದಿ ಕಟ್ಟುತ್ತವೆ. ವಾರಾಂತ್ಯದಲ್ಲಿ ಊರಿನವರೇ ತಮ್ಮ ಮನೆ ಮುಂದೆ ಬೈಕು ನಿಲ್ಲಿಸಲು ಜಾಗ ಹುಡುಕುತ್ತಾರೆ. ಇವೆಲ್ಲಕ್ಕಿಂತ ದೊಡ್ಡ ಕಾಲಚಕ್ರವೆಂದರೆ ಹನ್ನೆರಡು ವರ್ಷಕ್ಕೊಮ್ಮೆಯ ಮಹಾಮಸ್ತಕಾಭಿಷೇಕ. ಸರ್ಕಾರ ಈ ಊರನ್ನು ನೆನೆಯುವುದೂ ಅದೇ ಲೆಕ್ಕದಲ್ಲಿ. ಬೆಂಗಳೂರು-ಹಾಸನ ರೈಲು ಮಾರ್ಗ ಮಂಜೂರಾದದ್ದು 1996-97ರಲ್ಲಿ. ಹಾಸನದಿಂದ ಶ್ರವಣಬೆಳಗೊಳದವರೆಗಿನ ಭಾಗ ಮುಗಿದದ್ದು 2006ರಲ್ಲಿ, ಅದು ಅಭಿಷೇಕದ ವರ್ಷ. ಬೆಂಗಳೂರಿನವರೆಗೆ ಹಳಿ ಕೂಡಿದ್ದು 2017ರಲ್ಲಿ, 2018ರ ಅಭಿಷೇಕಕ್ಕೆ ಒಂದು ವರ್ಷ ಮೊದಲು. ರೈಲು ಬಂತಲ್ಲ ಎಂಬ ಸಂತೋಷ ಎಲ್ಲರಿಗೂ ಇದೆ, ನನಗೂ ಇದೆ. ಆದರೆ ಇಲ್ಲಿ ವರ್ಷವಿಡೀ ಬದುಕುವ ಮಕ್ಕಳು, ಬಸುರಿಯರು, ಕೊಬ್ಬರಿ ಮಾರಲು ತಿಪಟೂರಿಗೆ ಹೋಗುವವರು ಸೌಲಭ್ಯಕ್ಕಾಗಿ ಪಂಚಾಂಗ ನೋಡುತ್ತ ಕೂರಬೇಕಾದದ್ದು ನ್ಯಾಯವೇ? 2018ರಲ್ಲಿ ಹೊಲಗಳ ಮೇಲೆ ತಾತ್ಕಾಲಿಕ ಉಪನಗರಗಳೇ ಎದ್ದವು. ನೀರು, ಬೆಳಕು, ಆಸ್ಪತ್ರೆ, ಪೊಲೀಸ್ ಠಾಣೆ ಎಲ್ಲವೂ ಬಂದವು. ಅಭಿಷೇಕ ಮುಗಿದ ಮೇಲೆ ಡೇರೆ ಬಿಚ್ಚಿದರು. ಕೆಲವೇ ತಿಂಗಳಲ್ಲಿ ಇಷ್ಟನ್ನು ಕಟ್ಟಬಲ್ಲ ಆಡಳಿತಕ್ಕೆ ರಾತ್ರಿ ಪಾಳಿಗೆ ಒಬ್ಬ ವೈದ್ಯರನ್ನು ಕಾಯಂ ಆಗಿ ಇರಿಸುವುದು ಅಸಾಧ್ಯ ಎಂದರೆ ನಂಬುವುದು ಕಷ್ಟ.

ಇನ್ನೊಂದು ಸಂಗತಿ ಮನೆ ಕಟ್ಟಲು ಹೊರಟವರಿಗೆ ತಡವಾಗಿ ತಿಳಿಯುತ್ತದೆ. 2010ರಲ್ಲಿ ತಿದ್ದುಪಡಿಯಾದ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಪ್ರಕಾರ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆಯ 200 ಮೀಟರ್ ನಿಯಂತ್ರಿತ ವಲಯ. ನಿಷೇಧಿತ ವಲಯದಲ್ಲಿ ಹೊಸ ಕಟ್ಟಡ ಏಳುವಂತಿಲ್ಲ, ಹಳೆ ಮನೆಯ ದುರಸ್ತಿಗೂ ಅನುಮತಿ ಬೇಕು. ಬೆಂಗಳೂರಿನಿಂದ ಬಂದವರು ಇದನ್ನು ತಿಳಿದ ಕೂಡಲೇ ಊರಾಚೆ ತೋಟದಲ್ಲಿ ನಿವೇಶನ ನೋಡುತ್ತಾರೆ, ಅವರ ಸಮಸ್ಯೆ ಬಗೆಹರಿಯುತ್ತದೆ. ತಲೆಮಾರುಗಳಿಂದ ಆ 100 ಮೀಟರಿನೊಳಗೇ ಇರುವವರಿಗೆ ಬೇರೆ ದಾರಿಯಿಲ್ಲ. ಮಗನ ಮದುವೆಯಾದರೆ ಮೇಲೊಂದು ಕೋಣೆ ಏರಿಸುವಂತಿಲ್ಲ. ಬೇಲೂರು ಮತ್ತು ಹಳೇಬೀಡಿನ ದೇಗುಲಗಳು ಸೋಮನಾಥಪುರದ ಜೊತೆ 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿದಾಗ ಜಿಲ್ಲೆಯೆಲ್ಲ ಹೆಮ್ಮೆಪಟ್ಟಿತು. ಆ ಹೆಮ್ಮೆಯ ಖರ್ಚನ್ನು ಯಾರು ಹೊರುತ್ತಾರೆ ಎಂದು ಕೇಳಿದರೆ ಗುಡಿಯ ಪಕ್ಕದ ಮನೆಗಳ ಕಡೆ ನೋಡಬೇಕಾಗುತ್ತದೆ. ಸ್ಮಾರಕ ಉಳಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪ್ರವಾಸೋದ್ಯಮದಿಂದ ಬರುವ ಹಣದಲ್ಲಿ ಒಂದು ಪಾಲು ಈ ಮನೆಗಳ ಮಾಡು, ಗೋಡೆ ದುರಸ್ತಿಗೆ ಮೀಸಲಾಗಬೇಕು ಎಂದು ಕೇಳುವುದು ದುರಾಸೆಯಲ್ಲ.

ಹಣವಿದ್ದು ಬರುವವರ ಕಥೆ ಇದಾದರೆ, ಕೆಲಸದ ಮೇಲೆ ಬರುವವರದು ಬೇರೆ. ವರ್ಗಾವಣೆಯಾಗಿ ಬಂದ ನರ್ಸು, ಬ್ಯಾಂಕಿನ ಗುಮಾಸ್ತ, ಹೈಸ್ಕೂಲು ಮೇಷ್ಟ್ರು ಬಾಡಿಗೆ ಮನೆ ಕೇಳಿಕೊಂಡು ಹೋದರೆ ಮೊದಲು ‘ಯಾವೂರು ಸಾರ್?’ ಎಂಬ ಪ್ರಶ್ನೆ, ಆಮೇಲೆ ‘ಯಾರ ಪೈಕಿ?’ ಎಂಬ ಪ್ರಶ್ನೆ. ಮೊದಲನೆಯದು ಅಕ್ಕರೆಯದು. ಎರಡನೆಯದಕ್ಕೆ ಕೊಟ್ಟ ಉತ್ತರದ ಮೇಲೆ ಮನೆ ಖಾಲಿ ಇದೆಯೋ ಇಲ್ಲವೋ ನಿರ್ಧಾರವಾಗುತ್ತದೆ. ಹಾಸನದಲ್ಲೂ, ಅರಕಲಗೂಡಿನಲ್ಲೂ, ಹೊಳೆನರಸೀಪುರದಲ್ಲೂ ಇದು ನಡೆಯುತ್ತದೆ. ಯಾತ್ರಾಸ್ಥಳದಲ್ಲಿ ಅದಕ್ಕೆ ಆಹಾರದ ನೆಪವೂ ಸೇರುತ್ತದೆ. ‘ನಮ್ಮ ಜನ ತುಂಬ ಒಳ್ಳೆಯವರು, ಬಂದವರನ್ನು ಬೇಗ ಹಚ್ಚಿಕೊಳ್ಳುತ್ತಾರೆ’ ಎಂದು ನಾವು ಹೇಳಿಕೊಳ್ಳುವಾಗ ಯಾವ ಜಾತಿಯ ಹೊಸಬರನ್ನು ಎಂಬುದನ್ನೂ ಸೇರಿಸಿ ಹೇಳಬೇಕು. ತೋಟ ಕೊಳ್ಳಲು ಬಂದ ಕಾರಿನವರಿಗೆ ಕೇಳದ ಪ್ರಶ್ನೆಯನ್ನು ಆಸ್ಪತ್ರೆಯಲ್ಲಿ ಊರಿನ ಮಕ್ಕಳಿಗೆ ಲಸಿಕೆ ಹಾಕುವ ದಲಿತ ಹೆಣ್ಣುಮಗಳಿಗೆ ಕೇಳುವ ಊರು ನಾಚಿಕೆಪಡಬೇಕು. ಉಳಿಯುವ ಹಕ್ಕಿನ ಪರವಾಗಿ ವಾದಿಸುವ ನಾನು ಈ ಬಗೆಯ ಬಾಗಿಲು ಮುಚ್ಚುವಿಕೆಯ ಪರವಾಗಿಲ್ಲ.

ಹಾಗೆ ನೋಡಿದರೆ ಬಂದವರಿಂದಲೇ ಆದ ನೆಲ ಇದು. ಚಿಕ್ಕಬೆಟ್ಟದ ಬಂಡೆಯ ಮೇಲಿರುವ, ಸುಮಾರು ಕ್ರಿ.ಶ. 600ರದೆಂದು ವಿದ್ವಾಂಸರು ಹೇಳುವ ಶಾಸನ, ಉಜ್ಜಯಿನಿಯಲ್ಲಿ ಹನ್ನೆರಡು ವರ್ಷದ ಕ್ಷಾಮ ಬರುವುದೆಂದು ಭದ್ರಬಾಹು ತಿಳಿಸಿದ್ದನ್ನೂ ಜೈನ ಸಂಘವೊಂದು ಉತ್ತರದಿಂದ ದಕ್ಷಿಣಕ್ಕೆ ಹೊರಟು ಬಂದದ್ದನ್ನೂ ಹೇಳುತ್ತದೆ. ಬರದ ಭಯದಿಂದ ಊರು ಬಿಟ್ಟವರ ನೆನಪೇ ಈ ಕ್ಷೇತ್ರದ ಬುಡದಲ್ಲಿದೆ. ಗೊಮ್ಮಟನ ಪಾದದ ಬಳಿ ಕನ್ನಡ, ತಮಿಳು, ಮರಾಠಿ ಮೂರು ಭಾಷೆಗಳ ಬರಹಗಳಿವೆ. ಕೆಳಗೆ ಊರಿನಲ್ಲಿರುವ ಅಕ್ಕನ ಬಸದಿಯನ್ನು 1181ರಲ್ಲಿ ಕಟ್ಟಿಸಿದ ಆಚಿಯಕ್ಕ ಜೈನಳು, ಆಕೆಯ ಗಂಡ, ವೀರಬಲ್ಲಾಳನ ಮಂತ್ರಿ ಚಂದ್ರಮೌಳಿ, ಬ್ರಾಹ್ಮಣ. ಇಂಥ ಊರಿನಲ್ಲಿ ನಿಂತು ‘ಹೊರಗಿನವರು ಬೇಡ’ ಎನ್ನುವವರಿಗೆ ಕಲ್ಲುಗಳೇ ಒಪ್ಪಿಗೆ ಕೊಡುವುದಿಲ್ಲ.

ಆದರೆ ಅದೇ ಕಲ್ಲುಗಳು ಇನ್ನೊಂದು ಮಾತನ್ನೂ ದಾಖಲಿಸಿವೆ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಬಂದಾಗ ಒಂದನೇ ಬುಕ್ಕರಾಯ ಎರಡೂ ಕಡೆಯವರನ್ನು ಕೂರಿಸಿ ತೀರ್ಮಾನ ಮಾಡಿದ. ನಾವು ಅದನ್ನು ಧಾರ್ಮಿಕ ಸೌಹಾರ್ದದ ಉದಾಹರಣೆಯಾಗಿ ಭಾಷಣಗಳಲ್ಲಿ ಬಳಸುತ್ತೇವೆ. ಅದರೊಳಗಿನ ಲೆಕ್ಕವನ್ನು ಯಾರೂ ಓದಿ ಹೇಳುವುದಿಲ್ಲ. ರಾಜ್ಯದ ಜೈನರ ಮನೆಮನೆಯಿಂದ ವರ್ಷಕ್ಕೆ ಒಂದು ಹಣ ಎತ್ತಬೇಕು, ಎತ್ತುವ ಹೊಣೆ ತಿರುಮಲೆಯ ತಾತಯ್ಯನದು, ಅಂದರೆ ಎದುರು ಪಕ್ಷದವನದೇ. ಆ ಹಣದಲ್ಲಿ ಬೆಳಗೊಳದ ದೇವರಿಗೆ ಇಪ್ಪತ್ತು ಜನ ಕಾವಲುಗಾರರನ್ನು ನೇಮಿಸಬೇಕು, ಉಳಿದದ್ದರಲ್ಲಿ ಜೀರ್ಣವಾದ ಬಸದಿಗಳಿಗೆ ಸುಣ್ಣ ಬಳಿಸಬೇಕು. ಒಟ್ಟಿಗೆ ಬಾಳುವುದಕ್ಕೆ ಯಾರು ಎಷ್ಟು ಕೊಡಬೇಕು, ಯಾರು ಎತ್ತಬೇಕು, ಎಲ್ಲಿ ಖರ್ಚಾಗಬೇಕು ಎಂದು ಬರೆದಿಟ್ಟದ್ದರಿಂದಲೇ ಆ ಒಪ್ಪಂದ ನನಗೆ ದೊಡ್ಡದಾಗಿ ಕಾಣುತ್ತದೆ. ಈಗ ಶನಿವಾರ ಬಂದು ಭಾನುವಾರ ಹೋಗುವ ತೋಟದ ಮನೆಯವರು ಊರಿನ ಕಸಕ್ಕೆ, ಕೆರೆಗೆ, ಬೀದಿದೀಪಕ್ಕೆ ಎಷ್ಟು ಕೊಡುತ್ತಾರೆ ಎಂಬ ಪ್ರಶ್ನೆಗೆ ಅಷ್ಟು ಸ್ಪಷ್ಟವಾದ ಉತ್ತರ ನಮ್ಮ ಯಾವ ಪಂಚಾಯಿತಿಯಲ್ಲೂ ಸಿಗುವುದಿಲ್ಲ.

ಬಂದು ಬೇರು ಬಿಟ್ಟವರ ಇನ್ನೊಂದು ಉದಾಹರಣೆ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ. ಶತಮಾನಗಳ ಹಿಂದೆ ಶೆಂಕೋಟೆಯ ಕಡೆಯಿಂದ ಹೊರಟ ಸಂಕೇತಿಗಳು ಹಾಸನದ ಬಳಿಯ ಕೌಶಿಕದಲ್ಲಿ, ಬೆಟ್ಟದಪುರದಲ್ಲಿ, ಕಾವೇರಿ ದಂಡೆಯ ಈ ಊರಿನಲ್ಲಿ ನೆಲೆನಿಂತರು. ಮನೆಯೊಳಗೆ ತಮ್ಮ ಮಾತನ್ನು ಉಳಿಸಿಕೊಂಡು ಹೊರಗೆ ಕನ್ನಡಿಗರಾದರು, ತೋಟ ಮಾಡಿದರು, ವೇದ ಓದಿದರು, ಹಾಡಿದರು. ಆರ್.ಕೆ. ಶ್ರೀಕಂಠನ್, ರುದ್ರಪಟ್ಟಣ ಸಹೋದರರು, ಆರ್.ಕೆ. ಪದ್ಮನಾಭ ಇಷ್ಟು ಹೆಸರು ಸಾಕು. ಆಮೇಲೆ ಓದಿದ ಮಕ್ಕಳು ಮೈಸೂರಿಗೆ, ಬೆಂಗಳೂರಿಗೆ, ಅಮೆರಿಕಕ್ಕೆ ಹೋದರು. ಇಂದು ಪದ್ಮನಾಭರು ಕಟ್ಟಿಸಿದ ತಂಬೂರಿ ಆಕಾರದ ಸಪ್ತಸ್ವರ ದೇವತಾ ಧ್ಯಾನ ಮಂದಿರ ನೋಡಲು ಪ್ರವಾಸಿಗರು ಬರುತ್ತಾರೆ, ಸಂಗೀತೋತ್ಸವದ ದಿನಗಳಲ್ಲಿ ಊರು ತುಂಬುತ್ತದೆ. ಊರಿನ ಮಕ್ಕಳೇ ಊರಿಗೆ ನೋಡುಗರಾಗಿ ಬಂದು ಸಂಜೆಗೆ ಹಿಂತಿರುಗುತ್ತಾರೆ. ಆ ಮಂದಿರವನ್ನು, ಉತ್ಸವವನ್ನು ನಾನು ಮೆಚ್ಚುತ್ತೇನೆ. ಅವಿಲ್ಲದಿದ್ದರೆ ಊರು ಇನ್ನಷ್ಟು ಮೌನವಾಗಿರುತ್ತಿತ್ತು. ಆದರೆ ಅಲ್ಲಿ ಹುಟ್ಟಿದ ಸಂಗೀತ ಹುಟ್ಟಿದ್ದು ಉತ್ಸವದಿಂದಲ್ಲ. ದಿನಾ ಬೆಳಿಗ್ಗೆ ಯಾರೋ ಒಬ್ಬರ ಮನೆಯಲ್ಲಿ ಪಾಠ ನಡೆಯುತ್ತಿತ್ತು, ಪಕ್ಕದ ಮನೆಯ ಹುಡುಗನ ಕಿವಿಗೆ ಅದು ಬೀಳುತ್ತಿತ್ತು. ಅದಕ್ಕೆ ವರ್ಷವಿಡೀ ದೀಪ ಉರಿಯುವ ಮನೆಗಳು ಬೇಕು.

ಎಲ್ಲರೂ ಆಸೆಯಿಂದಲೇ ಊರು ಬದಲಿಸಿದವರಲ್ಲ. ಗೊರೂರಿನಲ್ಲಿ ಹೇಮಾವತಿಗೆ ಅಡ್ಡಲಾಗಿ 1979ರಲ್ಲಿ ಪೂರ್ಣಗೊಂಡ ಅಣೆಕಟ್ಟು ಸುಮಾರು 37 ಟಿಎಂಸಿ ನೀರು ಹಿಡಿಯುತ್ತದೆ. ಆ ನೀರಿನ ಕೆಳಗೆ ಹೊಲ, ಗುಡಿ, ಸ್ಮಶಾನಗಳು ಹೋದವು. ಗೊರೂರಿನ ಜಿ.ಆರ್. ಗೋಪಿನಾಥ್ ಸೇನೆ ಬಿಟ್ಟು ಬಂದು, ಮುಳುಗಡೆಗೆ ಬದಲಾಗಿ ಸಿಕ್ಕ ಜಾವಗಲ್ ಕಡೆಯ ಬರಡು ನೆಲದಲ್ಲಿ ಡೇರೆ ಹಾಕಿ ಬೇಸಾಯ ಶುರುಮಾಡಿದ ಕಥೆ ಎಲ್ಲರಿಗೂ ಗೊತ್ತು, ಮುಂದೆ ಅವರು ವಿಮಾನ ಹಾರಿಸಿದ್ದರಿಂದ. ಹೀಗೆ ಪರಿಹಾರದ ನೆಲಕ್ಕೆ ಹೋಗಿ ವಿಮಾನ ಹಾರಿಸದೆ ಸುಮ್ಮನೆ ಬದುಕು ಸವೆಸಿದವರ ಕಥೆ ಯಾರೂ ಬರೆದುಕೊಳ್ಳಲಿಲ್ಲ. ಅದೇ ಹಿನ್ನೀರಿನಲ್ಲಿ ಶೆಟ್ಟಿಹಳ್ಳಿಯ ರೋಸರಿ ಚರ್ಚ್ ಇದೆ. ಫ್ರೆಂಚ್ ಮಿಷನರಿಗಳು 1860ರ ಸುಮಾರಿಗೆ ಕಟ್ಟಿಸಿದ್ದು. ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಬುಡದವರೆಗೂ ಕಾಣಿಸುತ್ತದೆ. ಮದುವೆಗೆ ಮುಂಚಿನ ಫೋಟೋ ತೆಗೆಸಲು ಜೋಡಿಗಳು ಬರುತ್ತಾರೆ. ಈ ಚರ್ಚಿನಲ್ಲಿ ಪ್ರಾರ್ಥನೆ ಮಾಡುತ್ತಿದ್ದವರನ್ನು ಎಬ್ಬಿಸಿದ್ದರಿಂದಲೇ ಇದು ಪ್ರವಾಸಿ ತಾಣವಾಯಿತು ಎಂಬುದನ್ನು ಅಲ್ಲಿಗೆ ಹೋದವರಿಗೆ ಯಾವ ಫಲಕವಾದರೂ ಹೇಳಬೇಕು. ನಾವು ಸುಂದರ ಎನ್ನುವ ನೋಟಕ್ಕಾಗಿ ಯಾರೋ ಮನೆ ಬಿಟ್ಟಿದ್ದಾರೆ. ಈಗ ಅದೇ ನೋಟ ಕಾಣುವಂತೆ ಹಿನ್ನೀರಿನ ಅಂಚಿನಲ್ಲಿ ಮನೆ ಕಟ್ಟಲು ಹೊರಟವರು ಇಷ್ಟನ್ನಾದರೂ ತಿಳಿದಿರಬೇಕು.

ನನ್ನ ವಾದಕ್ಕೆ ಎದುರಾಗಿ ಹೇಳುವವರ ಮಾತಿನಲ್ಲೂ ತೂಕವಿದೆ. ಕೊಬ್ಬರಿ ಬೆಲೆ ನಂಬಲಾಗದು, ತೆಂಗಿಗೆ ನುಸಿ, ಆಲೂಗಡ್ಡೆಗೆ ಅಂಗಮಾರಿ, ಮಕ್ಕಳು ಬೆಂಗಳೂರಿನಲ್ಲಿ. ಜಮೀನಿಗೆ ಒಳ್ಳೆಯ ಬೆಲೆ ಬಂದಾಗ ಮಾರಬೇಡ ಎನ್ನಲು ನೀನು ಯಾರು? ಈ ಪ್ರಶ್ನೆಯನ್ನು ರೈತನೇ ಕೇಳಿದರೆ ನಾನು ತಲೆಬಾಗುತ್ತೇನೆ. ಮಾರುವವನನ್ನು ದೂರುವುದು ತಪ್ಪು. ಆದರೆ ಒಬ್ಬ ಮಾರಿದ ಬೆಲೆ ಪಕ್ಕದವನ ಮಗ ಕೊಳ್ಳಬೇಕಾದ ಬೆಲೆಯೂ ಆಗುತ್ತದೆ. ಹಿಮಾಚಲ ಪ್ರದೇಶ 1972ರ ತನ್ನ ಕಾಯ್ದೆಯ 118ನೇ ಕಲಂನಿಂದ ಇಂದಿಗೂ ರಾಜ್ಯದ ಕೃಷಿಕರಲ್ಲದವರು ಸರ್ಕಾರದ ಅನುಮತಿಯಿಲ್ಲದೆ ಭೂಮಿ ಕೊಳ್ಳದಂತೆ ತಡೆದಿದೆ. ಅಲ್ಲಿ ಪ್ರವಾಸೋದ್ಯಮ ಬಡವಾಗಿಲ್ಲ. ನಾವು ಬೇಲಿಯನ್ನು ಪೂರ್ತಿ ಕಿತ್ತೆವು, ಅದರ ಜಾಗದಲ್ಲಿ ಒಂದು ಗೇಟನ್ನೂ ಇಡಲಿಲ್ಲ. ದೂರದ ವೆನಿಸ್‌ನಲ್ಲಿ ಹಳೆಯ ನಗರದ ನಿವಾಸಿಗಳ ಸಂಖ್ಯೆ 2022ರಲ್ಲಿ 50,000ಕ್ಕಿಂತ ಕೆಳಗಿಳಿಯಿತು. 2024ರಲ್ಲಿ ಆ ನಗರದ ಆಡಳಿತ ಒಂದು ದಿನಕ್ಕೆ ಬರುವವರಿಂದ ಪ್ರವೇಶ ಶುಲ್ಕ ಎತ್ತತೊಡಗಿತು. ನಿವಾಸಿಗಳು ಹೊರಟ ಮೇಲೆ ಹಾಕಿದ ಶುಲ್ಕ ಅವರನ್ನು ವಾಪಸು ಕರೆತರಲಾರದು.

ಪೂರ್ತಿ ಬಂದವರಿಗೂ ಅರ್ಧ ಬಂದವರಿಗೂ ಇರುವ ವ್ಯತ್ಯಾಸ ಇಲ್ಲಿಯೇ ಮುಖ್ಯವಾಗುವುದು. ವಾರಕ್ಕೆರಡು ದಿನ ತೆರೆಯುವ ಮನೆಯೂ ಕೊಳವೆಬಾವಿ ಕೊರೆಸುತ್ತದೆ, ರಸ್ತೆ ಬಳಸುತ್ತದೆ, ಜಾಗದ ಬೆಲೆ ಏರಿಸುತ್ತದೆ. ಅದಕ್ಕೆ ಶಾಲೆ ಬೇಡ, ಪ್ರಾಥಮಿಕ ಆರೋಗ್ಯ ಕೇಂದ್ರ ಬೇಡ, ಸಂಜೆ ಆರರ ಬಸ್ಸು ಬೇಡ. ಬೇಡದವರ ಸಂಖ್ಯೆ ಹೆಚ್ಚಿದಷ್ಟೂ ಬೇಕಾದವರ ಕೂಗು ಕ್ಷೀಣಿಸುತ್ತದೆ. ಮಕ್ಕಳನ್ನು ಕರೆತಂದು ಊರಿನ ಶಾಲೆಗೇ ಸೇರಿಸಿದವರು, ವೋಟರ್ ಪಟ್ಟಿಗೆ ಹೆಸರು ಬರೆಸಿದವರು, ಕಾಯಿಲೆ ಬಿದ್ದರೆ ಮೊದಲು ಊರಿನ ವೈದ್ಯರ ಬಳಿಗೇ ಹೋಗುವವರು ತಮಗಾಗಿ ಕೇಳಿದ ಪ್ರತಿಯೊಂದೂ ಊರಿಗೂ ಸಿಗುತ್ತದೆ. 1982ರಲ್ಲಿ ಹಾಸನದಲ್ಲಿ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಆರಂಭವಾದಾಗ ದೇಶದ ನಾನಾ ಕಡೆಯಿಂದ ಇಂಜಿನಿಯರುಗಳು ಸಂಸಾರ ಸಮೇತ ಬಂದರು. ಅವರಿಂದ ಹಾಸನ ಕೆಟ್ಟಿತು ಎಂದು ಯಾರಾದರೂ ಹೇಳಿದ್ದು ನನಗೆ ಗೊತ್ತಿಲ್ಲ. ಸೋಮವಾರ ಬೆಳಿಗ್ಗೆ ಅವರೂ ಊರಿನವರ ಜೊತೆ ಅದೇ ಮಾರುಕಟ್ಟೆಯಲ್ಲಿ ಸೊಪ್ಪು ಕೊಳ್ಳುತ್ತಿದ್ದರು. ಅದೇ ಹಾಸನದಲ್ಲಿ ವರ್ಷಕ್ಕೊಮ್ಮೆ ಹಾಸನಾಂಬೆಯ ಬಾಗಿಲು ತೆರೆದಾಗ ಬರುವ ಲಕ್ಷಾಂತರ ಜನರಿಂದ ಊರಿನವರು ತಮ್ಮ ದೇವರನ್ನೇ ನೋಡಲಾಗದೆ ಹಿಂತಿರುಗುವುದುಂಟು.

ಸಣ್ಣ ಊರಿನ ಬದುಕೇ ಬೇಕೆನ್ನುವವರಿಗೆ ಇನ್ನೊಂದು ಮಾತು. ಹೊಳೆನರಸೀಪುರವನ್ನು ಯೋಚಿಸಿ. ಹೇಮಾವತಿಯ ದಂಡೆ, ಲಕ್ಷ್ಮೀನರಸಿಂಹನ ಗುಡಿ, ಮೈಸೂರು-ಹಾಸನ ರೈಲಿನ ನಿಲ್ದಾಣ, ಸಂತೆ, ಕಾಲೇಜು. ಅಂಗಡಿಗಳಲ್ಲಿ ಗೊಬ್ಬರ, ಬಿತ್ತನೆ ಬೀಜ, ಮದುವೆ ಸೀರೆ. ಅಲ್ಲಿನ ಒಂದು ಬೀದಿಯೂ ನಿಮ್ಮನ್ನು ಮೆಚ್ಚಿಸಲು ಕಾಯುತ್ತಿಲ್ಲ. ಅರಕಲಗೂಡಿಗೆ ಹೋದರೆ ಹತ್ತಿರದಲ್ಲೇ ಕಾವೇರಿ, ಷಷ್ಠಿಯ ಜಾತ್ರೆಗೆ ರಾಮನಾಥಪುರ, ಹೊಗೆಸೊಪ್ಪಿನ ಹರಾಜಿನ ಸಮಯದಲ್ಲಿ ಅಲ್ಲಿ ರೈತರ ಗಿಜಿಗಿಜಿ. ಈ ಊರುಗಳು ತಮ್ಮ ಕೆಲಸದಲ್ಲಿ ತಾವಿವೆ, ಅದರಲ್ಲಿ ಕೈಜೋಡಿಸುವವರಿಗೆ ಜಾಗವೂ ಇದೆ. ನೋಟಕ್ಕಾಗಿ ಊರು ಆರಿಸುವುದನ್ನು ಬಿಟ್ಟು ನೆರೆಹೊರೆಗಾಗಿ ಆರಿಸಿದರೆ ಹೊಸಬರ ಬದುಕೂ ಹಗುರವಾಗುತ್ತದೆ, ಗೊಮ್ಮಟನ ಊರಿನ ಮೇಲಿನ ಭಾರವೂ.

ಶ್ರವಣಬೆಳಗೊಳದ ಮುಂದಿನ ಮಹಾಮಸ್ತಕಾಭಿಷೇಕದ ಸರದಿ 2030ಕ್ಕೆ. ಅದರ ಯೋಜನೆಗಳಿಗೆ ಹಣ ನಿಗದಿಯಾಗುವ ಮೊದಲೇ ಪಂಚಾಯಿತಿ ಕೆಲವನ್ನು ಬರಹದಲ್ಲಿ ಕೇಳಬೇಕು. ತಾತ್ಕಾಲಿಕ ಆಸ್ಪತ್ರೆಗೆ ಸುರಿಯುವ ಹಣದಲ್ಲಿ ಒಂದು ಪಾಲು ಇರುವ ಆಸ್ಪತ್ರೆಯನ್ನು ಇಪ್ಪತ್ನಾಲ್ಕು ಗಂಟೆ ನಡೆಸಲು ಬರಲಿ. ಉಪನಗರಕ್ಕೆ ಎಳೆದ ನೀರಿನ ಪೈಪು ಅಭಿಷೇಕ ಮುಗಿದ ಮೇಲೆ ಹಳ್ಳಿಗಳಿಗೆ ತಿರುಗಲಿ. ವರ್ಷದಲ್ಲಿ ಬಹುಪಾಲು ಬೀಗ ಹಾಕಿರುವ ತೋಟದ ಮನೆಗಳಿಗೆ ಹೆಚ್ಚಿನ ತೆರಿಗೆ ವಿಧಿಸುವ ಅಧಿಕಾರ ಸಿಗಲಿ, ಆ ಹಣ ನಿಷೇಧಿತ ವಲಯದ ಹಳೆ ಮನೆಗಳ ದುರಸ್ತಿಗೆ ಹೋಗಲಿ. ಈ ಬೇಡಿಕೆ ಬರೆಯುವ ಸಭೆಗೆ ಬೆಂಗಳೂರಿನಿಂದ ಬಂದು ನೆಲೆಸಿದವರೂ ಹೋಗಬೇಕು, ವರ್ಗಾವಣೆಯಾಗಿ ಬಂದ ನರ್ಸೂ ಹೋಗಬೇಕು. ಅವರಿಬ್ಬರಿಗೂ ಅಲ್ಲಿ ಕುರ್ಚಿ ಹಾಕಿಸುವುದು ಊರಿನ ಹಿರಿಯರ ಕೆಲಸ.